ಕಲರ್ ದೊಡ್ಡದೋ ಸೀಕ್ವೆನ್ಸ್ ದೊಡ್ಡದೋ

ನಾನು ಮೆಸ್ಸಿನ ಬಾಗಿಲು ದೂಡಿದಾಗ ಶಿರ್ವದ ವೆಲ್ಡರ್ ಫಿಲಿಪಿನೋ ವೆಲ್ಡರನ ತಲೆಯನ್ನು ಊಟದ ಮೇಜಿಗೆ ಅದುಮಿ ಹಿಡಿದು, ಸ್ಟೀಲಿನ ತಟ್ಟೆಯ ಅಂಚಿನಿಂದ ಕಿವಿಯ ಮೇಲೆ ಜಪ್ಪುತ್ತಿದ್ದ. ಶುಕ್ರವಾರದ ಮಧ್ಯಾಹ್ನ, ಎಲ್ಲರೂ ಬಿರಿಯಾನಿ ಉಂಡು ಕೈ ತೊಳೆದ ಹೊತ್ತು. ಫಿಲಿಪಿನೋ ಏನೂ ಸುಮ್ಮನೆ ಪೆಟ್ಟು ತಿನ್ನುತ್ತಿರಲಿಲ್ಲ. ಶಿರ್ವದವನ ಮುಂಗೈಯನ್ನು ಕಚ್ಚಿ ಹಿಡಿದಿದ್ದ, ಬಿಡುವ ಲಕ್ಷಣವೇ ಇರಲಿಲ್ಲ. ಮೇಜಿನ ಮೇಲೆ ಹರಿದ ರಕ್ತದಲ್ಲಿ ಯಾರದ್ದು ಎಷ್ಟು ಎಂದು ಹೇಳುವಂತಿರಲಿಲ್ಲ. ನಾನು ಶಿರ್ವದವನ ಬೆಲ್ಟಿಗೆ ಕೈ ಹಾಕಿ ಎಳೆದೆ. ಅವನ ಮೊಣಕೈ ಹಿಂದಕ್ಕೆ ಬೀಸಿ ಬಂದು ನನ್ನ ಮೂಗಿಗೆ ಬಡಿಯಿತು. ಒಂದು ಗಳಿಗೆ ಕಣ್ಣು ಕತ್ತಲಾಯಿತು. ಕೊನೆಗೆ ಅಡುಗೆಯವನು ಬಿಸಿ ಚಹಾದ ಪಾತ್ರೆ ಎತ್ತಿ ಇಬ್ಬರ ಮೇಲೂ ಸುರಿಯುತ್ತೇನೆ ಎಂದು ಹೆದರಿಸಿದ ಮೇಲೆ ಹಲ್ಲೂ ಕೈಯೂ ಬೇರೆಯಾದವು.

ಬಿಡಿಸಿದ ಮೇಲೂ ಇಬ್ಬರ ಬಾಯಲ್ಲಿ ಒಂದೇ ಮಾತು. "ಗೆದ್ದದ್ದು ನಾನು!" ಒಬ್ಬ ಕನ್ನಡದಲ್ಲಿ ಕೂಗಿದರೆ ಇನ್ನೊಬ್ಬ ಇಂಗ್ಲಿಷಿನಲ್ಲಿ. ಮೇಜಿನ ಮೇಲೆ ಹತ್ತು ಇಸ್ಪೀಟ್ ಎಲೆಗಳು ಮುಖ ಮೇಲಾಗಿ ಬಿದ್ದಿದ್ದವು. ಶಿರ್ವದವನ ಕಡೆ ಆರು, ಏಳು, ಎಂಟು, ಒಂಬತ್ತು, ಹತ್ತು. ಇಸ್ಪೀಟು, ಕಳಾವರು ಎಲ್ಲ ಕಲಬೆರಕೆ, ಆದರೆ ಸಾಲು ಮಾತ್ರ ಎಲ್ಲೂ ಮುರಿದಿಲ್ಲ. ಅದು ಸೀಕ್ವೆನ್ಸ್. ಫಿಲಿಪಿನೋ ಕಡೆ ಮೂರು, ಐದು, ಒಂಬತ್ತು, ಜಾಕಿ, ರಾಜ. ಸಾಲಿಲ್ಲ, ಆದರೆ ಐದಕ್ಕೈದೂ ಆಟೀನು. ಅದು ಕಲರ್. ನೋಡಿದ ಕೂಡಲೇ ನನಗೆ ವಿಷಯ ಹೊಳೆಯಿತು, ಸಿಟ್ಟು ನೆತ್ತಿಗೇರಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವವನನ್ನು ಒದ್ದು ಸರಿ ಮಾಡಬಹುದು, ತಾನು ಸರಿ ಎಂದು ನಂಬಿದವನನ್ನು ಏನು ಮಾಡುವುದು?

ನಾವಿದ್ದದ್ದು ಸೌದಿಯ ತಬೂಕಿನಿಂದ ಕೆಂಪು ಸಮುದ್ರದ ಕಡೆಗೆ ಇಳಿದಾಗ ಸಿಗುವ, ಕಡಲನೀರನ್ನು ಸಿಹಿ ಮಾಡುವ ಒಂದು ಸ್ಥಾವರದ ಪಕ್ಕದ ಕ್ಯಾಂಪಿನಲ್ಲಿ. ತೊಂಬತ್ತರ ದಶಕದ ನಡುಭಾಗ. ಚಳಿಗಾಲದಲ್ಲಿ ಊರಿಗೆ ನೀರು ಕಡಿಮೆ ಸಾಕು, ಹಾಗಾಗಿ ಒಂದೊಂದೇ ಘಟಕವನ್ನು ನಿಲ್ಲಿಸಿ ರಿಪೇರಿಗೆ ಬಿಚ್ಚುತ್ತಾರೆ. ಆ ಬಿಚ್ಚುವ, ಜೋಡಿಸುವ ಗುತ್ತಿಗೆ ನಮ್ಮ ಕಂಪನಿಯದ್ದು. ನಾನು ಪೈಪ್ ಫಿಟ್ಟರ್‌ಗಳ ಫೋರ್‌ಮನ್, ಬೈಂದೂರು ಕಡೆಯವನು. ನನಗೆ ಕೊಂಕಣಿ ಬಾರದು, ತುಳುವೂ ಅಷ್ಟಕ್ಕಷ್ಟೆ. ಶಿರ್ವದವನಿಗೂ ನನಗೂ ಸಿಕ್ಕಿದ ಭಾಷೆ ಕನ್ನಡ.

ಹೆಚ್ಚಿನ ಒತ್ತಡ ತಡೆಯುವ ಜೋಡಣೆಗಳನ್ನು ಬೆಸೆಯಲು ಪರೀಕ್ಷೆ ಪಾಸಾದ ವೆಲ್ಡರ್‌ಗಳು ಕ್ಯಾಂಪಿನಲ್ಲಿ ಇಬ್ಬರೇ, ಇವರಿಬ್ಬರೇ. ಇಬ್ಬರಿಗೂ ಊರಿಗೆ ಹೋಗಲೇಬೇಕಿತ್ತು. ಶಿರ್ವದವನದ್ದು ಮದುವೆ. ಅವರಲ್ಲಿ ಬೂದಿ ಬುಧವಾರ ಬಂತೆಂದರೆ ತಪಸ್ಸು ಕಾಲ ಶುರು, ಈಸ್ಟರ್ ಮುಗಿಯುವವರೆಗೆ ಇಗರ್ಜಿಯಲ್ಲಿ ಮದುವೆಯಿಲ್ಲ. ಹಿಂದಿನ ಸಲವೂ ರಜೆ ಸಿಗದೆ ಒಮ್ಮೆ ದಿನ ಮುಂದೆ ಹೋಗಿತ್ತು. ಇನ್ನೊಮ್ಮೆ ಮುಂದೆ ಹಾಕಿದರೆ ಹುಡುಗಿಯನ್ನು ದೋಹಾದಲ್ಲಿರುವ ಬೇರೊಬ್ಬನಿಗೆ ಕೊಡುವುದಾಗಿ ಅವಳ ಅಪ್ಪ ಫೋನಿನಲ್ಲಿ ಹೇಳಿಯಾಗಿತ್ತು. ಫಿಲಿಪಿನೋಗೆ ಮಗಳು ಹುಟ್ಟಿದ್ದಳು. ಮುಖ ನೋಡಿರಲಿಲ್ಲ. ತಾನು ಹೋಗದೆ ಮಗುವಿಗೆ ಜ್ಞಾನಸ್ನಾನ ಮಾಡಿಸಬಾರದೆಂದು ಹೆಂಡತಿಯನ್ನು ತಡೆದಿಟ್ಟಿದ್ದ. ನಮ್ಮ ಈಜಿಪ್ಟಿನ ಇಂಜಿನಿಯರ್ ಹೇಳಿದ್ದು ಇಷ್ಟು: "ಒಬ್ಬ ಹೋಗಬಹುದು, ಒಬ್ಬ ಇರಬೇಕು. ಯಾರೆಂದು ನೀವೇ ತೀರ್ಮಾನಿಸಿ, ಶನಿವಾರ ಹೆಸರು ಕೊಡಿ. ಖಲಾಸ್." ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿ. ನಮ್ಮನ್ನು ಕರೆಸಿಕೊಂಡ ಅರಬ್ ಧಣಿ, ಅಂದರೆ ಕಫೀಲನ ಸಹಿ ಇಲ್ಲದೆ ದೇಶ ಬಿಡುವಂತಿಲ್ಲ. ಕೆಲಸ ಬಿಸಾಕಿ ಹೋಗುತ್ತೇನೆ ಎನ್ನುವ ಮಾತೇ ಅಲ್ಲಿಲ್ಲ.

ನಮ್ಮ ಕ್ಯಾಂಪಿನಲ್ಲಿ ತೀರ್ಮಾನವಾಗದ್ದನ್ನೆಲ್ಲ ಇಸ್ಪೀಟಿಗೆ ಬಿಡುವ ರೂಢಿ. ಎಸಿಯ ಎದುರಿನ ಮಂಚ ಯಾರಿಗೆ, ಪೇಟೆಗೆ ಹೋಗುವ ಪಿಕಪ್ಪಿನಲ್ಲಿ ಮುಂದಿನ ಸೀಟು ಯಾರಿಗೆ, ಕಕ್ಕಸು ತೊಳೆಯುವ ಸರದಿ ಯಾರದ್ದು, ಎಲ್ಲವೂ ಎಲೆ ಹೇಳಿದ ಹಾಗೆ. ದುಡ್ಡಿಟ್ಟು ಆಡಿದರೆ ಜೈಲು, ಹಾಗಾಗಿ ದುಡ್ಡಿನ ಮಾತೇ ಇಲ್ಲ. ಎರಡು ಮೇಜುಗಳಿದ್ದವು. ನಮ್ಮವರ ಮೇಜಿನಲ್ಲಿ ಮೂರು ಎಲೆಯ ಆಟ, ಫಿಲಿಪಿನೋಗಳ ಮೇಜಿನಲ್ಲಿ ಐದು ಎಲೆಯ ಪೋಕರ್. ಒಂದು ಮೇಜಿನವರು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಜೆದ್ದಾದಲ್ಲಿ ಫಿಲಿಪಿನೋಗಳ ಜೊತೆ ಒಂದೇ ಕೋಣೆಯಲ್ಲಿದ್ದ ನನಗೆ ಎರಡೂ ಗೊತ್ತಿತ್ತು. ಈ ಇಬ್ಬರು ಮಾತ್ರ, ಬೇರೆ ಧರ್ಮದ ಪ್ರಾರ್ಥನೆ ಆ ದೇಶದಲ್ಲಿ ಅಪರಾಧವಾದ್ದರಿಂದ, ಶುಕ್ರವಾರ ಬೆಳಿಗ್ಗೆ ಕಿಟಕಿಗೆ ಕಂಬಳಿ ಕಟ್ಟಿ, ಒಂದೇ ಕೋಣೆಯಲ್ಲಿ ಜಪಸರ ಹಿಡಿದು ಪಿಸುದನಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಆ ಶುಕ್ರವಾರ ಮಧ್ಯಾಹ್ನ ಅದೇ ಕೈಗಳಿಂದ ಎಲೆ ಹಂಚಿದರು. ಆಮೇಲೆ ನಾನು ನೋಡಿದ್ದು ತಟ್ಟೆಯೇಟು.

ಶಿರ್ವದವನ ಕೈಯ ಗಾಯಕ್ಕೆ ಬಟ್ಟೆ ಸುತ್ತುತ್ತಾ ಕೇಳಿದೆ.

"ಎಂತ ಮಾರಾಯ ಇದು? ಹೇಗೆ ಶುರುವಾಯ್ತು?"

"ಅಣ್ಣ, ನೀವೇ ಹೇಳಿ. ಸೀಕ್ವೆನ್ಸಿನ ಎದುರು ಕಲರನ್ನು ನಮ್ಮಲ್ಲಿ ಯಾರಾದ್ರೂ ಮೂಸಿ ನೋಡ್ತಾರಾ? ನಾನು ಬ್ಯಾಗು ತುಂಬಿಸ್ಲಿಕ್ಕೆ ಎದ್ದೆ. ಇವ ನನ್ನ ಕಾಲರ್ ಹಿಡಿದು ಕೂರಿಸ್ತಾನೆ!"

"ಐದು ಎಲೆ ಹಾಕುವ ಅಂತ ಹೇಳಿದ್ದು ಯಾರು?"

"ನಾನೇ. ಮೂರರಲ್ಲಿ ಬರೀ ಅದೃಷ್ಟ. ಮದುವೆ ವಿಷಯ ಅಲ್ವಾ? ಐದಾದ್ರೆ ಸ್ವಲ್ಪ ನ್ಯಾಯ ಉಂಟು ಅಂತ ನಾನೇ ಹೇಳಿದೆ."

"ಯಾವ ರೂಲು ಅಂತ ಮಾತಾಡಿಕೊಂಡ್ರಾ?"

ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. "ರೂಲು ಎಂತದ್ದು? ಇಸ್ಪೀಟಿಗೆ ದೇಶಕ್ಕೊಂದು ರೂಲು ಉಂಟಾ?"

ಉಂಟು, ಅದೇ ಗ್ರಹಚಾರ. ಮೂರು ಎಲೆಯ ಆಟದಲ್ಲಿ ಬರೀ ದೊಡ್ಡ ಎಲೆಗಿಂತ ಜೋಡಿ ಮೇಲೆ, ಜೋಡಿಗಿಂತ ಕಲರ್ ಮೇಲೆ, ಕಲರಿಗಿಂತ ಸೀಕ್ವೆನ್ಸ್ ಮೇಲೆ, ಅದಕ್ಕೂ ಮೇಲೆ ಒಂದೇ ಜಾತಿಯ ಸೀಕ್ವೆನ್ಸ್, ಎಲ್ಲಕ್ಕಿಂತ ಮೇಲೆ ಮೂರೂ ಒಂದೇ ಅಂಕಿ. ಐದು ಎಲೆಯಲ್ಲಿ ಮೆಟ್ಟಿಲು ಜಾಸ್ತಿ. ಜೋಡಿ, ಎರಡು ಜೋಡಿ, ಒಂದೇ ಅಂಕಿಯ ಮೂರು, ಆಮೇಲೆ ಸೀಕ್ವೆನ್ಸ್, ಅದರ ಮೇಲೆ ಕಲರ್, ಅದರ ಮೇಲೆ ಮೂರು ಮತ್ತು ಜೋಡಿ ಸೇರಿದ್ದು, ಆಮೇಲೆ ಒಂದೇ ಅಂಕಿಯ ನಾಲ್ಕು, ತುದಿಯಲ್ಲಿ ಒಂದೇ ಜಾತಿಯ ಸೀಕ್ವೆನ್ಸ್. ಜೋಡಿಗೆ ಜೋಡಿ ಎದುರಾದರೆ ದೊಡ್ಡ ಅಂಕಿಯ ಜೋಡಿ ಗೆಲ್ಲುತ್ತದೆ, ಅದೂ ಸಮವಾದರೆ ಉಳಿದ ಎಲೆಗಳಲ್ಲಿ ದೊಡ್ಡದು ಯಾರ ಕೈಯಲ್ಲಿದೆ ಎಂದು ನೋಡುತ್ತಾರೆ. ಇದೆಲ್ಲ ಎರಡೂ ಮೇಜಿಗೆ ಹೆಚ್ಚುಕಡಿಮೆ ಒಂದೇ. ಒಂದೇ ಅಂಕಿಯ ಮೂರರ ಜಾಗ ಬಿಟ್ಟರೆ ಅದಲುಬದಲಾಗುವುದು ಒಂದೇ ಕಡೆ, ಕಲರ್ ಮತ್ತು ಸೀಕ್ವೆನ್ಸ್ ನಡುವೆ. ಇವರಿಬ್ಬರ ಕೈಗೂ ಸರಿಯಾಗಿ ಅದೇ ಬಿದ್ದಿತ್ತು.

ನಾನು ಫಿಲಿಪಿನೋ ಹತ್ತಿರ ಹೋದೆ. ಅವನ ಕಿವಿಯ ಮೇಲಿನ ತುದಿ ಸೀಳಿ ನೇತಾಡುತ್ತಿತ್ತು, ಕಂಪೌಂಡರ್ ಹೊಲಿಗೆ ಹಾಕುತ್ತಿದ್ದ.

"ಐದು ಎಲೆ ಅಂದರೆ ಪೋಕರ್, ಬಾಸ್. ಬೇರೆ ಏನಿದೆ?" ಎಂದ ಅವನು ಇಂಗ್ಲಿಷಿನಲ್ಲಿ. "ಅವನು ಸೋತು ಎದ್ದು ನಡೆದ. ಹುಡುಗಿಗೆ ಫೋನ್ ಮಾಡುತ್ತೇನೆ ಅಂತ ನಗುತ್ತಾ ಹೋದ. ನನ್ನ ಮಗಳನ್ನು ಕದ್ದುಕೊಂಡು ಹೋದ ಹಾಗಾಯಿತು ನನಗೆ."

"ಇನ್ನೊಮ್ಮೆ ಹಂಚೋಣ. ನಾನು ಕೂರುತ್ತೇನೆ, ರೂಲು ಮೊದಲೇ ಹೇಳುತ್ತೇನೆ."

"ಗೆದ್ದವನು ಇನ್ನೊಮ್ಮೆ ಯಾಕೆ ಆಡಬೇಕು?"

ಶಿರ್ವದವನ ಉತ್ತರವೂ ಅಕ್ಷರಶಃ ಅದೇ. ಅಲ್ಲಿಗೆ ಆ ದಾರಿ ಮುಚ್ಚಿತು.

ಶನಿವಾರದ ಹೊತ್ತಿಗೆ ಇಬ್ಬರ ಜಗಳ ಕ್ಯಾಂಪಿನ ಜಗಳವಾಗಿತ್ತು. ಬೆಳಿಗ್ಗೆ ಸೈಟಿನಲ್ಲಿ ನಮ್ಮ ಕಡೆಯ ಒಬ್ಬ ಹೆಲ್ಪರ್, ಕೆಳಗೆ ಕ್ರೇನಿಗೆ ಭಾರ ಕಟ್ಟುವ ಫಿಲಿಪಿನೋ ರಿಗ್ಗರ್ ನಿಂತದ್ದನ್ನು ನೋಡಿಯೇ ಅಟ್ಟಣಿಗೆಯಿಂದ ಕಬ್ಬಿಣದ ಕ್ಲಾಂಪ್ ಬಿಟ್ಟ. ಹೆಲ್ಮೆಟ್ ಸೀಳಿತು. ಮನುಷ್ಯ ಬದುಕಿದ, ಆದರೆ ರಕ್ತ ಕಣ್ಣಿಗಿಳಿದು ಕುರುಡನಂತೆ ಕೈ ಚಾಚಿಕೊಂಡು ನಡೆಯುತ್ತಿದ್ದುದನ್ನು ನಾನು ಮರೆತಿಲ್ಲ. ಊಟದ ಹೊತ್ತಿಗೆ ಅವರು ತೀರಿಸಿಕೊಂಡರು. ಆ ಹೆಲ್ಪರ್ ಕಂಟೇನರಿನೊಳಗೆ ಕೈಯಿಟ್ಟು ಬೋಲ್ಟ್ ಆಯುತ್ತಿದ್ದಾಗ ಯಾರೋ ಬಾಗಿಲನ್ನು ಒದ್ದು ಮುಚ್ಚಿದರು. ಅವನ ಅರಚಾಟಕ್ಕೆ ಜನರೇಟರಿನ ಸದ್ದೂ ಅಡಗಿತು. ಎರಡು ಬೆರಳಿನ ಉಗುರು ಬುಡಸಮೇತ ಎದ್ದಿತ್ತು. ಮೆಸ್ಸಿನಲ್ಲಿ ಎರಡು ಕಡೆಯವರೂ ಕೈಗೆ ಸಿಕ್ಕಿದ ಪೈಪು, ಸ್ಪ್ಯಾನರು ಹಿಡಿದು ನಿಂತಾಗ ನಾನು ನಡುವೆ ನಿಂತು ಬಾಯಿಗೆ ಬಂದಂತೆ ಬೈದೆ. ಇಸ್ಪೀಟ್ ಆಡಿದ್ದು ಇಬ್ಬರು, ಸಾಯಲು ಹೊರಟವರು ಇಡೀ ಊರು. ಎರಡು ಕಡೆಯವರೂ ನನ್ನನ್ನೇ ಕೇಳಿದ್ದು, "ಹಾಗಾದರೆ ನೀನೇ ಹೇಳು, ಯಾರು ಗೆದ್ದದ್ದು?"

ಇಂಜಿನಿಯರ್ ನನ್ನನ್ನು ಆಫೀಸಿಗೆ ಕರೆಸಿದ. ಕೂತುಕೋ ಎನ್ನಲಿಲ್ಲ.

"ಸಂಜೆಗೆ ಒಂದು ಹೆಸರು ಬೇಕು," ಎಂದ. "ಬರದಿದ್ದರೆ ಜೂಜು ಆಡಿದರು ಅಂತ ಪೊಲೀಸರಿಗೆ ಫೋನ್ ಮಾಡುತ್ತೇನೆ. ಛಡಿಯೇಟು ಇಬ್ಬರಿಗೆ ಮಾತ್ರ ಬೀಳುತ್ತದೆ ಅಂದುಕೊಳ್ಳಬೇಡ. ಯಲ್ಲಾ, ಹೋಗು."

ವರ್ಕ್‌ಶಾಪಿನ ಹಿಂದೆ ಒಂದು ಉಕ್ಕಿನ ಹಲಗೆ ಬಿದ್ದಿತ್ತು. ಅದರ ಮೇಲೆ ಗುರುತು ಹಾಕುವ ಬಳಪ ಹಿಡಿದು ಕುಳಿತೆ. ಯಾವ ಆಟದಲ್ಲಾದರೂ ಅಪರೂಪದ ಕೈ ಗೆಲ್ಲಬೇಕು, ಸುಲಭವಾಗಿ ಬರುವುದು ಸೋಲಬೇಕು. ಅಷ್ಟೇ ಧರ್ಮ. ಹಾಗಾದರೆ ಯಾವುದು ಅಪರೂಪ? ಡಿಪ್ಲೊಮಾದಲ್ಲಿ ಕಲಿತ ಲೆಕ್ಕ ಹೊರತೆಗೆದೆ. ಒಂದು ಜಾತಿಯಲ್ಲಿ ಹದಿಮೂರು ಎಲೆ. ಅದರಲ್ಲಿ ಮೂರನ್ನು ಎತ್ತುವ ದಾರಿ ಇನ್ನೂರ ಎಂಬತ್ತಾರು, ನಾಲ್ಕು ಜಾತಿಗೆ ಸಾವಿರದ ನೂರ ನಲವತ್ತನಾಲ್ಕು. ಮೂರರ ಸೀಕ್ವೆನ್ಸ್ ಹನ್ನೆರಡು ಬಗೆ, ಒಂದೊಂದಕ್ಕೆ ಅರವತ್ತನಾಲ್ಕು ದಾರಿ, ಒಟ್ಟು ಏಳುನೂರ ಅರವತ್ತೆಂಟು. ಹಾಗಾಗಿ ಮೂರು ಎಲೆಯಲ್ಲಿ ಸೀಕ್ವೆನ್ಸ್ ಅಪರೂಪ, ಅದೇ ದೊಡ್ಡದು. ನಮ್ಮ ಅಜ್ಜಂದಿರು ತಪ್ಪು ಆಡಿರಲಿಲ್ಲ.

ಐದಕ್ಕೆ ಹೋದೆ. ಒಂದೇ ಜಾತಿಯ ಐದು ಎತ್ತುವ ದಾರಿ ಐದು ಸಾವಿರದ ನೂರ ನಲವತ್ತೆಂಟು. ಸೀಕ್ವೆನ್ಸಿನ ದಾರಿ ಹತ್ತು ಸಾವಿರದ ಇನ್ನೂರ ನಲವತ್ತು. ಎರಡಕ್ಕೂ ಸೇರುವ ಕೆಲವನ್ನು ಕಳೆದು ನೋಡಿದರೂ ಸೀಕ್ವೆನ್ಸ್ ಸುಮಾರು ಎರಡು ಪಟ್ಟು ಸುಲಭ. ಮೂರಕ್ಕೆ ಎರಡು ಎಲೆ ಸೇರಿದ ಕೂಡಲೇ ಮೇಲಿನದು ಕೆಳಗಾಗುತ್ತದೆ. ಶಿರ್ವದವನು ನ್ಯಾಯ ಜಾಸ್ತಿ ಬೇಕೆಂದು ಸೇರಿಸಿದ ಆ ಎರಡು ಎಲೆಗಳೇ ಅವನನ್ನು ಸೋಲಿಸಿದ್ದವು. ನನಗೆ ಅಳು ಬರುವಷ್ಟು ಬೇಜಾರಾಯಿತು. ಗೆಲ್ಲಿಸುವ ಒಂದು ಎಳೆಯಾದರೂ ಸಿಗುತ್ತದೋ ಎಂದು ಎರಡೆರಡು ಸಲ ಲೆಕ್ಕ ಮಾಡಿದೆ. ಅವನು ನಮ್ಮವನು, ನಾನು ಹೆಚ್ಚು ದಿನ ಉಂಡದ್ದು ಅವನು ಮಾಡಿದ ಮೀನು ಸಾರು. ಹಲಗೆ ಮಾತ್ರ ಅದೇ ಉತ್ತರ ಕೊಟ್ಟಿತು.

ಸಂಜೆ ಬಿಸಿಲಿರುವಾಗಲೇ ವರ್ಕ್‌ಶಾಪಿನಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದೆ.

"ಎಲೆ ಐದಾದ ಮೇಲೆ ರೂಲೂ ಐದರದ್ದೇ. ಕಲರ್ ದೊಡ್ಡದು. ಹೋಗುವವನು ಫಿಲಿಪಿನೋ."

ನಮ್ಮ ಕಡೆಯವರಲ್ಲಿ ಒಬ್ಬ ನನ್ನ ಬೂಟಿನ ಮೇಲೆ ಉಗಿದ. ಹಿಂದಿನಿಂದ ಒಂದು ನಟ್ ಹಾರಿ ಬಂದು ಬೆನ್ನಿಗೆ ಬಿತ್ತು. ನಾನು ಹಲಗೆಯ ಮೇಲಿನ ಲೆಕ್ಕ ತೋರಿಸಲು ಹೋದರೆ ಯಾರೂ ಅತ್ತ ತಿರುಗಲಿಲ್ಲ. ಪೈಪು ಹಿಡಿದವನಿಗೆ ಗಣಿತ ಹೇಳುವುದು ಶುದ್ಧ ಪೆದ್ದುತನ. ಶಿರ್ವದವನು ಮಾತ್ರ ಗಲಾಟೆ ಮಾಡಲಿಲ್ಲ. ಹತ್ತಿರ ಬಂದು ಕೇಳಿದ.

"ಅಣ್ಣ, ನಾನು ನಿಮ್ಮ ಊರಿನವ ಅಲ್ವಾ?"

"ಹೌದು. ಅದಕ್ಕೇ ಎರಡು ಸಲ ಲೆಕ್ಕ ಮಾಡಿದ್ದು."

"ಸರಿ," ಎಂದು ಹೊರಟುಹೋದ. ಆ 'ಸರಿ' ನನಗೆ ಒಂದಿಷ್ಟೂ ಹಿಡಿಸಲಿಲ್ಲ.

ಇಬ್ಬರನ್ನೂ ಬೇರೆ ಬೇರೆ ಕಡೆ ಹಾಕಿದೆ. ಆದರೆ ಫಿಲಿಪಿನೋ ಹೊರಡುವ ಮೊದಲು ದೊಡ್ಡ ಕೆಲಸ ಮುಗಿಯಬೇಕೆಂದು ಇಂಜಿನಿಯರ್ ಹಟ ಹಿಡಿದು, ಸೋಮವಾರ ಇಬ್ಬರನ್ನೂ ಒಂದೇ ವಾಟರ್ ಬಾಕ್ಸಿಗೆ ಇಳಿಸಿದ. ವಾಟರ್ ಬಾಕ್ಸ್ ಎಂದರೆ ಸಮುದ್ರದ ನೀರು ಕೊಳವೆಗಳಿಗೆ ನುಗ್ಗುವ ಮೊದಲು ಬಂದು ನಿಲ್ಲುವ ಉಕ್ಕಿನ ಕೋಣೆ. ಒಳಗೆ ಹೋಗಲು ಒಬ್ಬ ಮನುಷ್ಯ ತೂರುವಷ್ಟು ಮ್ಯಾನ್‌ಹೋಲ್ ಒಂದೇ. ಒಂದು ಗೋಡೆಯ ತುಂಬ ಕೊಳವೆಗಳ ಬಾಯಿ, ಉಳಿದ ಗೋಡೆಗಳಲ್ಲಿ ಉಪ್ಪು ತಿಂದು ಕೊರೆದ ಹೊಂಡಗಳು. ಹೊಂಡ ತುಂಬಿ ಬೆಸೆಯುವುದು ಅವರ ಕೆಲಸ, ಕೊಳವೆಯ ಬಾಯನ್ನು ರೋಲರ್ ಹಾಕಿ ಬಿಗಿಮಾಡುವುದು ನಮ್ಮದು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕುಳಿತು ಬೆಸೆಯುತ್ತಿದ್ದರು. ನಡುವೆ ನಾನು ಕುಳಿತೆ. ಅಷ್ಟಾದರೂ ಬುದ್ಧಿ ಓಡಿತ್ತು.

ನಾನು ರೋಲರಿಗೆ ಎಣ್ಣೆ ಹಚ್ಚಲು ಬಗ್ಗಿದ್ದೇ ತಡ, ಶಿರ್ವದವನು ಎದ್ದ. ಕೈಯಲ್ಲಿ ಬೆಸುಗೆಯ ಚಕ್ಕೆ ಕೀಳುವ ಚೂಪು ಸುತ್ತಿಗೆ. ಫಿಲಿಪಿನೋ ಬೆಸುಗೆಯ ಕಡ್ಡಿ ಸಿಕ್ಕಿಸುವ ಹೋಲ್ಡರ್ ಹಿಡಿದ ಕೈಯನ್ನು ಗೋಡೆಗೆ ಊರಿದ್ದ. ಅದರ ಮೇಲೆ ಒಂದು, ಎರಡು, ಮೂರು. ಮೂಳೆ ಮುರಿಯುವ ಸದ್ದು ಉಕ್ಕಿನ ಕೋಣೆಯಲ್ಲಿ ದೊಡ್ಡದಾಗಿ ಕೇಳುತ್ತದೆ. ಫಿಲಿಪಿನೋ ಕಿರುಚುತ್ತಲೇ ಎಡಗೈಯಲ್ಲಿ ಹೋಲ್ಡರ್ ಕಿತ್ತು, ಇನ್ನೂ ಕೆಂಪಗಿದ್ದ ಕಡ್ಡಿಯನ್ನು ಇವನ ಕುತ್ತಿಗೆಗೆ ಒತ್ತಿದ. ಚರ್ಮ ಸುಟ್ಟ ವಾಸನೆ ತುಂಬಿತು. ನಾನು ಶಿರ್ವದವನ ಮೈಮೇಲೆ ಬಿದ್ದೆ. ಸುತ್ತಿಗೆಯ ನಾಲ್ಕನೆಯ ಏಟು ಫಿಲಿಪಿನೋ ತಲೆಗೆ ಬೀಳಬೇಕಾದದ್ದು, ನನ್ನ ಹೆಗಲ ಮೂಳೆಯ ಮೇಲೆ ಬಿತ್ತು. ಒಣ ಕಟ್ಟಿಗೆಯಂತೆ ಮುರಿಯಿತು. ಆ ಸಿಟ್ಟಿಗೆ ನಾನು ಶಿರ್ವದವನ ಮುಖಕ್ಕೆ ತಲೆಯಿಂದ ಗುದ್ದಿದೆ. ಅವನ ಎರಡು ಹಲ್ಲು ಹೋದವು. ಹೋಗಲಿ ಎಂದೇ ಗುದ್ದಿದ್ದು.

ಮ್ಯಾನ್‌ಹೋಲಿನಿಂದ ನಮ್ಮ ಮೂವರನ್ನೂ ಹಗ್ಗ ಕಟ್ಟಿ ಹೊರಗೆಳೆದರು. ಇಂಜಿನಿಯರ್ ಆಂಬುಲೆನ್ಸಿನ ಬಾಗಿಲಲ್ಲೇ ನಿಂತು ಮೂವರಿಗೂ ಒಂದೇ ಪಾಠ ಹೇಳಿಕೊಟ್ಟ.

"ಪೈಪ್ ಜಾರಿತು. ಮೂವರ ಮೇಲೂ ಬಿತ್ತು. ಅರ್ಥವಾಯಿತಾ?"

ಪೊಲೀಸರು ಬಂದರೆ ಅವನ ರಿಪೇರಿ ಕೆಲಸ ನಿಲ್ಲುತ್ತಿತ್ತು, ಇದ್ದೊಬ್ಬ ವೆಲ್ಡರೂ ಜೈಲಿಗೆ ಹೋಗುತ್ತಿದ್ದ. ಫಿಲಿಪಿನೋ ಮೊದಲು ತಲೆಯಾಡಿಸಿದ. ಕೇಸಾದರೆ ಸಾಕ್ಷಿ ಹೇಳಲು ತನ್ನನ್ನೇ ತಡೆಯುತ್ತಾರೆ ಎಂದು ಅವನಿಗೆ ಗೊತ್ತಿತ್ತು.

ತಬೂಕಿನ ಆಸ್ಪತ್ರೆಯಲ್ಲಿ ಅವನ ಬಲಗೈಗೆ ಕಂಬಿ ಹಾಕಿದರು. ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರು. ಮಡಚದ ಕೈಯ ವೆಲ್ಡರ್ ಕಂಪನಿಗೆ ಬೇಡ, ಹಾಗಾಗಿ ರಜೆಯ ಬದಲು ಕೆಲಸದಿಂದಲೇ ಬಿಡುಗಡೆ ಮಾಡಿ, ಪಾಸ್‌ಪೋರ್ಟಿಗೆ ಎಕ್ಸಿಟ್ ಹೊಡೆದು ಕಳಿಸಿದರು. ಹೊರಡುವಾಗ ಅವನು ನನ್ನ ಮಂಚದ ಹತ್ತಿರ ಬಂದ. ನಾನೂ ಅಲ್ಲೇ ತೋಳನ್ನು ಕೊರಳಿಗೆ ಕಟ್ಟಿಸಿಕೊಂಡು ಮಲಗಿದ್ದೆ.

"ನೀನು ಸರಿಯಾಗಿ ಹೇಳಿದೆ, ಬಾಸ್," ಎಂದ. ಆಮೇಲೆ, "ಹೇಳದೇ ಇದ್ದಿದ್ದರೆ ಕೈ ಇರುತ್ತಿತ್ತು," ಎಂದ. ಎರಡೂ ನಿಜ. ಮಗಳಿಗೆ ಒಳ್ಳೆಯದಾಗಲಿ ಎಂದೆ.

ಕ್ಯಾಂಪಿಗೆ ಮರಳಿದಾಗ ಶಿರ್ವದವನು ಒಬ್ಬನೇ ಎರಡಾಳಿನ ಕೆಲಸ ಮಾಡುತ್ತಿದ್ದ. ಮನಿಲಾದಿಂದ ಹೊಸ ವೆಲ್ಡರ್ ಬರಲು ಈಸ್ಟರ್ ದಾಟುತ್ತದೆ, ಅಲ್ಲಿಯವರೆಗೆ ಇವನಿಗೆ ರಜೆಯ ಹೆಸರೆತ್ತುವಂತಿಲ್ಲ ಎಂದು ಇಂಜಿನಿಯರ್ ಖಡಾಖಂಡಿತ ಹೇಳಿದ್ದ. ಇನ್ನೊಬ್ಬ ವೆಲ್ಡರನ ಕೈ ಮುರಿದು ತನ್ನ ದಾರಿಯನ್ನು ತಾನೇ ಕಡಿದುಕೊಂಡಿದ್ದ. ಒಳ್ಳೆಯದೇ ಆಯಿತು, ಅನುಭವಿಸಲಿ ಎಂದು ನಾನು ಬಾಯಿಬಿಟ್ಟೇ ಹೇಳಿದೆ. ಅವನ ಕುತ್ತಿಗೆಯ ಸುಟ್ಟ ಗಾಯ ಕೀವಾಗಿತ್ತು, ಅದರ ಮೇಲೇ ವೆಲ್ಡಿಂಗ್ ಶೀಲ್ಡಿನ ಪಟ್ಟಿ ಬಿಗಿಯುತ್ತಿದ್ದ. ಬೆಸುಗೆ ಮಾತ್ರ ಹಿಂದಿನಂತೆಯೇ, ಒಂದು ಹನಿ ನೀರು ಜಿನುಗದ ಬೆಸುಗೆ.

ಬೂದಿ ಬುಧವಾರ ಹತ್ತಿರ ಬರುತ್ತಿತ್ತು. ಒಂದು ಬೆಳಿಗ್ಗೆ ಚಹಾದ ಬಿಡುವಿನಲ್ಲಿ, ಫಿಟ್ಟರ್‌ಗಳೆಲ್ಲ ಹೊರಗೆ ಹೋದ ಮೇಲೆ, ಅವನು ವಾಟರ್ ಬಾಕ್ಸಿನ ಪಕ್ಕದಲ್ಲಿ ನನ್ನನ್ನು ತಡೆದ. ಅಲ್ಲಿ ಪೈಪಿನ ಬಾಯಿ ಮುಚ್ಚುವ ಒಂದು ದಪ್ಪ ಉಕ್ಕಿನ ಫ್ಲ್ಯಾಂಜನ್ನು ಮರದ ತುಂಡಿನ ಆಧಾರದಲ್ಲಿ ಓರೆಯಾಗಿ ಎತ್ತಿ ನಿಲ್ಲಿಸಿದ್ದರು. ಇಬ್ಬರು ಸೇರಿ ಎತ್ತುವ ಭಾರ.

"ಅಣ್ಣ, ಕೈ ಮುರಿದವನನ್ನು ಕಳಿಸಿದ್ರಲ್ವಾ," ಎಂದ.

ನನಗೆ ತಕ್ಷಣ ಅರ್ಥವಾಯಿತು. ಅರ್ಥವಾಗದ ಹಾಗೆ ನಟಿಸಿ ಬೈದೆ. "ತಲೆ ಕೆಟ್ಟಿದೆಯಾ ನಿಂಗೆ? ಅನ್ನ ತಿನ್ನುವ ಕೈ ಅದು."

"ಅನ್ನ ಎಡಗೈಯಲ್ಲಿ ತಿಂತೇನೆ. ಬರುವ ಭಾನುವಾರದೊಳಗೆ ನಾನು ಊರಲ್ಲಿ ಇಲ್ದಿದ್ರೆ ಅವಳನ್ನು ದೋಹಾದವನಿಗೆ ಕೊಡ್ತಾರೆ. ನಿನ್ನೆ ಅವಳೇ ಫೋನಲ್ಲಿ ಅತ್ತಳು. ನೀವು ಆ ಮರದ ತುಂಡು ಎಳೀರಿ, ಸಾಕು. ನನಗೆ ನಾನೇ ಮಾಡಿಕೊಳ್ಳಿಕ್ಕೆ ಧೈರ್ಯ ಬರುದಿಲ್ಲ."

"ನಾನು ಎಳೆಯುವುದಿಲ್ಲ."

"ನಿಮ್ಮ ಮೂಳೆ ಮುರಿದವ ನಾನು. ಆ ಸಿಟ್ಟಿಗಾದ್ರೂ ಎಳೀರಿ."

ಸಿಟ್ಟಿತ್ತು. ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಅವನ ಜನ್ಮ ಜಾಲಾಡುತ್ತಿದ್ದೆ. ಆದರೂ ಕೈ ಏಳಲಿಲ್ಲ. ಅವನು ತಾನೇ ಮಂಡಿಯೂರಿ ಕುಳಿತ, ಗ್ಲೌಸ್ ತೆಗೆದ. ಎಡಗೈ ಬೇಡ, ಅದಕ್ಕೆ ಉಂಗುರ ಹಾಕಬೇಕು ಎಂದು ತನಗೆ ತಾನೇ ಹೇಳಿಕೊಂಡು, ಬಲಗೈಯನ್ನು ಪೂರಾ ಫ್ಲ್ಯಾಂಜಿನಡಿಗೆ ಚಾಚಿದ. ಮರದ ತುಂಡಿನ ಮೇಲೆ ಬೂಟಿನ ತುದಿಯಿಟ್ಟ. ನಾನು ಆಗ ಕೂಗಿ ಜನ ಸೇರಿಸಬಹುದಿತ್ತು. ಸೇರಿಸಿದ್ದರೆ ಅವನ ಕೈ ಉಳಿಯುತ್ತಿತ್ತು, ಅವನು ಅಲ್ಲೇ ಉಳಿಯುತ್ತಿದ್ದ. ನಾನೂ ಅವನ ಪಕ್ಕ ಕುಳಿತೆ.

"ಇಷ್ಟು ಒಳಗೆ ಬೇಡ," ಎಂದೆ. "ಕೊನೆಯ ಎರಡು ಬೆರಳು ಸಾಕು. ಹೆಬ್ಬೆರಳನ್ನೂ ತೋರುಬೆರಳನ್ನೂ ಹೊರಗೆ ಮಡಚಿ ಹಿಡಿ. ಅವೆರಡು ಇದ್ದರೆ ಮುಂದೆ ಎಲ್ಲಾದರೂ ಹೋಲ್ಡರ್ ಹಿಡಿಯಬಹುದು."

ನಾನೇ ಅವನ ಕೈಯನ್ನು ಹಿಂದಕ್ಕೆಳೆದು ಸರಿಯಾದ ಕಡೆ ಇಟ್ಟೆ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಆಮೇಲೆ ಎದ್ದು, ಯಾರೂ ಒಳಗೆ ಬಾರದ ಹಾಗೆ ಬಾಗಿಲಿಗೆ ಅಡ್ಡ ನಿಂತೆ. ಫಿಟ್ಟರ್‌ಗಳು ದೂರದಲ್ಲಿ ಚಹಾ ಕುಡಿಯುತ್ತಾ ನಗುತ್ತಿದ್ದರು. ಹಿಂದಿನಿಂದ ಅವನು ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುವುದು ಕೇಳುತ್ತಿತ್ತು. ಅದು ನಡುವೆಯೇ ನಿಂತಿತು, ಉಕ್ಕು ಕಾಂಕ್ರೀಟಿಗೆ ಬಿತ್ತು.

ಓಡಿ ಹೋಗಿ ಒಂದೇ ತೋಳಿನಲ್ಲಿ ಸಬ್ಬಲು ಹಾಕಿ ಫ್ಲ್ಯಾಂಜ್ ಎತ್ತಿದೆ. ಅವನು ಕೈಯನ್ನು ಎಳೆದುಕೊಂಡು ಹೊಟ್ಟೆಗೆ ಒತ್ತಿಕೊಂಡ. ಎರಡು ಬೆರಳುಗಳ ಜಾಗದಲ್ಲಿ ನೋಡುವಂಥದ್ದೇನೂ ಉಳಿದಿರಲಿಲ್ಲ. ಹೆಬ್ಬೆರಳೂ ತೋರುಬೆರಳೂ ಇದ್ದವು.

"ಅಣ್ಣ, ಇನ್ನು ಕಳಿಸ್ತಾರಲ್ಲ?"

"ಕಳಿಸ್ತಾರೆ," ಎಂದೆ.

ಇಂಜಿನಿಯರ್ ಬಂದು ಕೈ ನೋಡಿದ, ಫ್ಲ್ಯಾಂಜ್ ನೋಡಿದ, ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

"ಮರದ ತುಂಡು ಜಾರಿತು," ಎಂದೆ.

ಶುಕ್ರವಾರದ ವಿಮಾನಕ್ಕೆ ಅವನನ್ನು ಕಳಿಸಿದರು. ಮದುವೆ ಆಯಿತು.